ಏನಾದ್ರೂ ವಿಶೇಷ?

ಇಲ್ಲಿ ಏನೂ ಬರೆಯದೆ ಏಳೆಂಟು ತಿಂಗಳೇ ಆಗಿಹೋಯ್ತು. ಒಂದಿಬ್ಬರು ಗೆಳೆಯರು ಮೇಲ್ ಮಾಡಿ "ಏನ್ ಸಾರ್, ಇಂಕು ಖಾಲಿಯಾಯ್ತಾ?" ಅಂತ ಕೇಳಿದ್ರು. ಇಂಕಿತ್ತು. ಆದ್ರೆ ಒಂದು ವಿಷಯ ಬೇರೆಲ್ಲ ವಿಷಯಗಳಿಗೆ ಅಡ್ಡ ಕೂತುಬಿಟ್ಟಿತ್ತು. ಅದನ್ನು ಬಿಟ್ಟು ಮಳೆ, ಮಲೆನಾಡು, ಅಜ್ಜಿಮನೆಯ ಅಟ್ಟ ಅಂತ ಬರೆಯಲು ಕೂತರೆ ಎರಡನೇ ಸಾಲಿಗೇ ಸುಳ್ಳು ಅನ್ನಿಸಿ ಡಿಲೀಟ್ ಮಾಡ್ತಿದ್ದೆ. ಅದಕ್ಕೇ ಇವತ್ತು ಅದನ್ನೇ ಬರೆದುಬಿಡ್ತೀನಿ. ಇವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಓದಿ ನೋಡಿ ಎರಡು ಪ್ಯಾರಾ ತೆಗೆಸಿ ಹಾಕಿದ್ದಾಳೆ, ಎರಡೂ ಅವಳ ಅಮ್ಮನ ಬಗ್ಗೆ ಇದ್ದವು :-)

ಮದುವೆಯಾದ ಮೇಲೆ ಅರ್ಥ ಬದಲಾಗುವ ಪದ ಒಂದಿದೆ ನಮ್ಮಲ್ಲಿ. 'ವಿಶೇಷ'. ಮದುವೆಗೆ ಮೊದಲು ಯಾರಾದರೂ "ಏನು ವಿಶೇಷ?" ಅಂದ್ರೆ ಏನು ಸಮಾಚಾರ ಅಂತ. ಮದುವೆಯಾಗಿ ಆರು ತಿಂಗಳು ಕಳೆದ ಮೇಲೆ ಅದೇ ಮಾತಿಗೆ ಒಂದು 'ಆದ್ರೂ' ಅಂಟಿಕೊಳ್ಳುತ್ತೆ. "ಏನಾದ್ರೂ ವಿಶೇಷ?" ಕೇಳುವವರ ದನಿ ಸ್ವಲ್ಪ ತಗ್ಗುತ್ತೆ, ಕಣ್ಣು ಹುಡುಗಿಯ ಮುಖದಿಂದ ಒಂದೂವರೆ ಅಡಿ ಕೆಳಗೆ ಇಳಿಯುತ್ತೆ. ನಮ್ಮ ಮದುವೆಯಾಗಿದ್ದು 2022ರ ನವೆಂಬರ್‌ನಲ್ಲಿ. ಅಲ್ಲಿಂದ ಇವಳು ಈ ಪ್ರಶ್ನೆಯನ್ನು ಎಷ್ಟು ಮದುವೆಮನೆ, ಎಷ್ಟು ಗೃಹಪ್ರವೇಶ, ಎಷ್ಟು ಫೋನ್ ಕಾಲಿನಲ್ಲಿ ಎದುರಿಸಿದ್ದಾಳೋ ಲೆಕ್ಕವಿಲ್ಲ. ನನ್ನನ್ನು ಒಬ್ಬರೂ ಕೇಳಲಿಲ್ಲ. ನನ್ನನ್ನು ಕೇಳಿದ್ದು "ಆನ್‌ಸೈಟ್ ಯಾವಾಗ?", "ಈ ಸಲ ಹೈಕ್ ಎಷ್ಟು ಬಂತು?" ಇಷ್ಟೇ.

ಮೊದಲ ವರ್ಷ ನಮಗೇ ಬೇಡ ಅಂತಿತ್ತು. 2023ರ ದೀಪಾವಳಿಗೆ ಊರಿಂದ ವಾಪಸ್ ಬರುತ್ತಾ ಬಸ್ಸಿನಲ್ಲಿ ಮಾತಾಡಿ, ಇನ್ನು ಸಾಕು, ಆಗೋದಾದ್ರೆ ಆಗ್ಲಿ ಅಂತ ತೀರ್ಮಾನ ಮಾಡಿದೆವು. ಇವಳಿಗೆ ಆಗ 26, ನನಗೆ 27. ಇವಳು ಮಾರನೇ ದಿನವೇ ಹೋಗಿ ಫೋಲಿಕ್ ಆಸಿಡ್ ಮಾತ್ರೆ ತಂದಳು. ಗರ್ಭ ನಿಲ್ಲುವುದಕ್ಕೆ ಮೊದಲೇ ಶುರು ಮಾಡಬೇಕಂತೆ ಅದನ್ನ, ದಿನಕ್ಕೆ 400 ಮೈಕ್ರೋಗ್ರಾಂ. ನಾನೂ ನನ್ನ ಕರ್ತವ್ಯ ಅಂತ ಒಂದು ಎಕ್ಸೆಲ್ ಶೀಟ್ ಮಾಡಿದೆ. ಇಂಜಿನಿಯರ್ ಅಲ್ವಾ! ಡೇಟು, ಅಂಡ ಬಿಡುಗಡೆಯಾಗುವ ಅಂದಾಜು ದಿನ, ಅದಕ್ಕೆ ಹಿಂದಿನ ಐದು ದಿನಕ್ಕೆ ಹಸಿರು ಬಣ್ಣ. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಲ್ಲದು, ಅಂಡದ ಆಯಸ್ಸು ಮಾತ್ರ ಹೆಚ್ಚೆಂದರೆ ಒಂದು ದಿನ. ಹಾಗಾಗಿ ಹಸಿರು ಬಣ್ಣವೆಲ್ಲ ಅಂಡ ಬರುವುದಕ್ಕೆ ಮೊದಲು. ಮೊದಲ ಮೂರು ತಿಂಗಳು ಆ ಶೀಟು ನೋಡಿ ನಗ್ತಿದ್ವಿ. ಆರನೇ ತಿಂಗಳ ಹೊತ್ತಿಗೆ ಆ ಹಸಿರು ಬಣ್ಣ ನೋಡಿದರೆ ಸ್ಪ್ರಿಂಟಿನ ಕೊನೆಯ ದಿನದ ಹಾಗೆ ಹೊಟ್ಟೆಯಲ್ಲಿ ಸಂಕಟ. ಇದಕ್ಕಿಂತ ವಿವರ ಬೇಡ, ಮದುವೆಯಾಗಿ ಕಾದವರಿಗೆ ಗೊತ್ತಿರುತ್ತೆ.

ಎಂಟನೇ ತಿಂಗಳು, ಜುಲೈ 2024. ಬಾತ್‌ರೂಮಿನಿಂದ ಹೊರಗೆ ಬಂದವಳು ಏನೂ ಹೇಳದೆ ಸೋಫಾದ ತುದಿಯಲ್ಲಿ ಕೂತಳು. ಆಮೇಲೆ "ಒಂದ್ಸಲ ಡಾಕ್ಟ್ರ ಹತ್ರ ಹೋಗಿ ಬರೋಣ ಕಣೋ" ಅಂದಳು.

"ಈಗ್ಲೇ ಬೇಡ ಕಣೇ. ಹನ್ನೆರಡು ತಿಂಗಳು ಕಾಯ್ಬೇಕು ಅಂತ ಇದೆ" ಅಂದೆ ನಾನು.

ಸುಳ್ಳೇನಲ್ಲ, ಹಾಗಂತ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯೇ ಅದು: ಯಾವ ತಡೆಯೂ ಇಲ್ಲದೆ ನಿಯಮಿತವಾಗಿ ಕೂಡಿ 12 ತಿಂಗಳಾದರೂ ಗರ್ಭ ನಿಲ್ಲದಿದ್ದರೆ ಆಗ ಅದಕ್ಕೊಂದು ಹೆಸರು. ಹೆಂಗಸಿಗೆ 35 ಆಗಿಲ್ಲದಿದ್ದರೆ ಒಂದು ವರ್ಷ ಕಾಯಬಹುದು, 35 ಆಗಿದ್ದರೆ ಆರು ತಿಂಗಳು ಸಾಕು, 40 ದಾಟಿದ್ದರೆ ಕಾಯುವುದೇ ಬೇಡ. ನಾನು ಇಷ್ಟನ್ನೂ ಓದಿಕೊಂಡಿದ್ದೆ. ಸಾಲದ್ದಕ್ಕೆ ಇವಳ ಮುಂದೆ ಪೇಪರ್ ಇಟ್ಟುಕೊಂಡು ಲೆಕ್ಕ ಬೇರೆ ಮಾಡಿ ತೋರಿಸಿದೆ. ಒಂದು ತಿಂಗಳಿಗೆ ಆಗುವ ಸಾಧ್ಯತೆ ಶೇ. 20 ಅಂತ ಇಟ್ಟುಕೋ, ಆಗದಿರುವುದು 0.8. ಎಂಟು ಸಲ ಗುಣಿಸು, 0.17 ಬಂತು. ಅಂದ್ರೆ ನಮ್ಮ ಹಾಗೆ ಎಂಟು ತಿಂಗಳಾದರೂ ಆಗದವರು ನೂರಕ್ಕೆ ಹದಿನೇಳು ಜನ ಇದ್ದೇ ಇರ್ತಾರೆ, ಗಾಬರಿ ಎಂತಕ್ಕೆ?

ಅವಳು ಪೇಪರ್ ನೋಡಲಿಲ್ಲ. ನನ್ನ ಮುಖ ನೋಡಿದಳು. "ಸರಿ, ನಿಂಗೆ ಗೊತ್ತಿರುತ್ತೆ" ಅಂತ ಎದ್ದು ಹೋದಳು.

ಆ ಲೆಕ್ಕದಲ್ಲಿ ಒಂದು ತಪ್ಪಿದೆ, ಇಲ್ಲಿ ಬರುವ ಇಂಜಿನಿಯರುಗಳಿಗಾಗಿ ಹೇಳ್ತೀನಿ. ಅದೇ 0.8 ಅನ್ನು ಹನ್ನೆರಡು ಸಲ ಗುಣಿಸಿದರೆ 0.07 ಬರುತ್ತೆ, ಅಂದ್ರೆ ವರ್ಷದೊಳಗೆ ನೂರಕ್ಕೆ 93 ಜೋಡಿಗೆ ಆಗಬೇಕು. ಆದರೆ ಡಾಕ್ಟರುಗಳು ನಿಜವಾಗಿ ಎಣಿಸಿದಾಗ ಸಿಗುವುದು 80ರಿಂದ 85. ಉಳಿದವರು ಎಲ್ಲಿ ಹೋದರು? ನಾನು ಎಲ್ಲ ಜೋಡಿಗಳ ಕೈಗೂ ಒಂದೇ ನಾಣ್ಯ ಕೊಟ್ಟಿದ್ದೆ, ಅಲ್ಲೇ ಎಡವಟ್ಟು. ಕೆಲವರ ನಾಣ್ಯ ಬೇಗ ಬೀಳುತ್ತೆ, ಅವರು ಮೊದಲ ನಾಲ್ಕೈದು ತಿಂಗಳಲ್ಲೇ ಆಟ ಮುಗಿಸಿ ಎದ್ದು ಹೋಗಿರ್ತಾರೆ. ತಿಂಗಳು ಕಳೆದಂತೆ ಸಾಲಿನಲ್ಲಿ ಉಳಿಯುವವರಲ್ಲಿ ಭಾರದ ನಾಣ್ಯದವರೇ ಹೆಚ್ಚು. ಹಾಗಾಗಿ ಖಾಲಿ ಹೋದ ಪ್ರತಿ ತಿಂಗಳೂ ನಮ್ಮ ನಾಣ್ಯದ ಬಗ್ಗೆ ಏನೋ ಒಂದನ್ನು ಹೇಳುತ್ತಿರುತ್ತೆ. ವರ್ಷದಲ್ಲಿ ಆಗದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಎರಡನೇ ವರ್ಷ ತಾನಾಗೇ ಆಗುತ್ತೆ ಅನ್ನೋದೂ ನಿಜ. ಗಡಿಯನ್ನು ಹನ್ನೆರಡಕ್ಕೆ ಎಳೆದಿರುವುದು ಸುಮ್ಮನೆ ಯಾರನ್ನೂ ಹೆದರಿಸಬಾರದು, ತೀರಾ ತಡವೂ ಆಗಬಾರದು ಅಂತ. ಅದು ಏನೂ ತೊಂದರೆ ಗೊತ್ತಿಲ್ಲದವರಿಗೆ ಎಳೆದ ಗೆರೆ.

ಗೊತ್ತಿದ್ದವರಿಗೆ ಆ ಗೆರೆ ಇಲ್ಲ. ನಾನು ಓದಿದ ಪುಟದಲ್ಲೇ ಅದರ ಪಟ್ಟಿಯೂ ಇತ್ತು. ಮುಟ್ಟು ಏರುಪೇರಾಗಿದ್ದರೆ, ತಿಂಗಳುಗಟ್ಟಲೆ ಆಗದೇ ಇದ್ದರೆ ಕಾಯಬೇಡಿ. ಎಂಡೋಮೆಟ್ರಿಯೋಸಿಸ್ ಇದ್ದರೆ, ಹಿಂದೆ ಟ್ಯೂಬಿಗೆ ಸೋಂಕಾಗಿದ್ದರೆ ಕಾಯಬೇಡಿ. ಗಂಡಸಿಗೆ ಚಿಕ್ಕಂದಿನಲ್ಲಿ ವೃಷಣ ಕೆಳಗಿಳಿಯದೆ ಆಪರೇಷನ್ ಆಗಿದ್ದರೆ, ಕೀಮೋ ಆಗಿದ್ದರೆ, ಅಲ್ಲಿಗೆ ಪೆಟ್ಟು ಬಿದ್ದಿದ್ದರೆ, ಹರೆಯಕ್ಕೆ ಬಂದ ಮೇಲೆ ಮಂಗನಬಾವು ಬಂದು ಅದು ವೃಷಣಕ್ಕೆ ಇಳಿದಿದ್ದರೆ..

ಆ ಸಾಲು ಬಂದಾಗಲೆಲ್ಲ ನನ್ನ ಬೆರಳು ಬೇಗ ಸ್ಕ್ರೋಲ್ ಮಾಡುತ್ತಿತ್ತು.

2012ರ ಜನವರಿ. ನಾನು ಮೊದಲ ಪಿಯುಸಿ, ಶಿವಮೊಗ್ಗದಲ್ಲಿ ಹಾಸ್ಟೆಲ್. ನಮ್ಮ ರೂಮಿನ ಸಾಲಿನಲ್ಲಿ ನಾಲ್ಕೈದು ಹುಡುಗರಿಗೆ ಒಟ್ಟೊಟ್ಟಿಗೆ ಗದ್ದ ಊದಿಕೊಂಡಿತು. ಒಬ್ಬರ ಮುಖ ನೋಡಿ ಒಬ್ಬರು ನಕ್ಕಿದ್ದೇ ನಕ್ಕಿದ್ದು. ನಾವು ಹುಟ್ಟಿದ ಕಾಲದಲ್ಲಿ ಸರ್ಕಾರಿ ಲಸಿಕೆಯ ಪಟ್ಟಿಯಲ್ಲಿ ಮಂಗನಬಾವಿನದು ಇರಲಿಲ್ಲ. ಅಪ್ಪ ಬಂದು ತೀರ್ಥಹಳ್ಳಿಗೆ ಕರ್ಕೊಂಡು ಹೋದರು. ಅಜ್ಜಿ ಎಂತದೋ ಲೇಪ ಅರೆದು ಕೆನ್ನೆಗೆ ಹಚ್ಚಿದಳು. ಐದಾರು ದಿನಕ್ಕೆ ಗದ್ದ ಇಳಿಯಿತು ಅನ್ನುವಾಗ ಮತ್ತೆ ಚಳಿಜ್ವರ, ಜೊತೆಗೆ ಕೆಳಗೆ ಎಡಗಡೆ ನೋವು. ಕೆಂಪಗೆ ಊದಿ, ಪಂಚೆ ತಾಗಿದರೂ ಜೀವ ಹೋಗುವಷ್ಟು. ಹದಿನಾರರ ಹುಡುಗ ಯಾರ ಹತ್ರ ಹೇಳ್ತಾನೆ? ಎರಡು ದಿನ ಹಲ್ಲು ಕಚ್ಚಿ ಮಲಗಿದ್ದು, ಮೂರನೇ ದಿನ ತಡೆಯಲಾಗದೆ ಅಪ್ಪನ ಹತ್ರ ಹೇಳಿದೆ. ಡಾಕ್ಟರು ನೋಡಿ, ಮಾತ್ರೆ ಕೊಟ್ಟು, ನನ್ನನ್ನು ಹೊರಗೆ ಕೂರಿಸಿ ಅಪ್ಪನ ಹತ್ರ ಏನೋ ಮಾತಾಡಿದರು. ವಾಪಸ್ ಬರುವಾಗ ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆ ಹತ್ರ ಬಂದಾಗ "ಏನಾಗಲ್ಲ, ಮಲಕ್ಕೋ" ಅಂದರು. ಅಷ್ಟೇ. ಮುಂದಿನ ವರ್ಷದ ಹೊತ್ತಿಗೆ ಆ ಬದಿಯದು ಇನ್ನೊಂದಕ್ಕಿಂತ ಚಿಕ್ಕದಾಗಿರುವುದು ನನಗೇ ಗೊತ್ತಾಗುತ್ತಿತ್ತು. ಇಂಜಿನಿಯರಿಂಗ್ ಓದುವಾಗ ಒಂದು ರಾತ್ರಿ ಲ್ಯಾಬಿನ ಕಂಪ್ಯೂಟರಿನಲ್ಲಿ ಅದನ್ನು ಹುಡುಕಿ ಓದಿ, ಹಿಸ್ಟರಿ ಅಳಿಸಿ ಎದ್ದು ಬಂದಿದ್ದೆ. ಒಂದೇ ಬದಿ ಆದರೆ ಬಹಳ ಜನಕ್ಕೆ ಮಕ್ಕಳಾಗುತ್ತೆ, ಪೂರ್ತಿ ಬರಡಾಗುವುದು ಅಪರೂಪ ಅಂತ ಇತ್ತು. ಅದೊಂದು ವಾಕ್ಯವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡೆ.

ಇದನ್ನೆಲ್ಲ ಇವಳಿಗೆ ಹೇಳಿರಲಿಲ್ಲ. ಮದುವೆಗೆ ಮೊದಲು ಎರಡು ವರ್ಷ ಒಂದೇ ಟೀಮಿನಲ್ಲಿದ್ದವರು ನಾವು. ನನ್ನ ಸಂಬಳ, ಸಾಲ, ಕಾಲೇಜಿನಲ್ಲಿ ಬಂದ ಬ್ಯಾಕ್‌ಲಾಗು ಎಲ್ಲ ಅವಳಿಗೆ ಗೊತ್ತು.

ಅದೇ ವರ್ಷದ ಮೇ ತಿಂಗಳಲ್ಲಿ, ಅಂದರೆ ಇವಳು ಡಾಕ್ಟರ ಮಾತೆತ್ತುವುದಕ್ಕೆ ಎರಡು ತಿಂಗಳು ಮೊದಲು, ಕುಕ್ಕೆಗೆ ಹೋಗಿ ಬಂದಿದ್ದೆವು. ಅಮ್ಮ ಹಠ ಹಿಡಿದಿದ್ದಳು, "ಒಂದು ಆಶ್ಲೇಷಾ ಬಲಿ ಮಾಡಿಸಿಕೊಂಡು ಬನ್ನಿ, ನಿಮ್ಮ ಗಂಟೇನು ಹೋಗ್ತದೆ?" ಅಂತ. ಇವಳಿಗೆ ನಂಬಿಕೆ ಅಷ್ಟಕ್ಕಷ್ಟೇ, ಆದರೂ ಕುಮಾರಧಾರೆಯಲ್ಲಿ ಮುಳುಗಿ ಎದ್ದು, ಒದ್ದೆ ಕೂದಲಲ್ಲಿ ಸಾಲಿನಲ್ಲಿ ಕೂತಿದ್ದಳು. ನಮ್ಮ ಹಾಗೆ ಎಷ್ಟೊಂದು ಜೋಡಿಗಳು ಅಲ್ಲಿ! ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ವರದಿಯಲ್ಲಿ, ಜೀವಮಾನದಲ್ಲಿ ಒಮ್ಮೆಯಾದರೂ ಈ ತೊಂದರೆ ಅನುಭವಿಸುವವರು ಆರರಲ್ಲಿ ಒಬ್ಬರು ಅಂತಿದೆ. ಆಫೀಸಿನ ಒಂದು ಬಸ್ಸಿನಲ್ಲಿ ಎಷ್ಟು ಜನ ಆಯ್ತು ಲೆಕ್ಕ ಹಾಕಿ. ಪೂಜೆ ಮಾಡಿಸುವವರು ಅವಳ ನಕ್ಷತ್ರ ಕೇಳಿದರು, ಗೋತ್ರ ಕೇಳಿದರು, ದೋಷ ಯಾವುದಿರಬಹುದು ಅಂತ ಹೇಳಿದರು. ನಾನು ಪಕ್ಕದಲ್ಲಿ ಕೈಮುಗಿದು ಕೂತಿದ್ದೆ, ಬಾಯಿ ಬಿಡಲಿಲ್ಲ.

ನವೆಂಬರ್ ಬಂತು, ಹನ್ನೆರಡು ತಿಂಗಳು ಮುಗಿಯಿತು. ನಾನಾಗಿ ಏನೂ ಹೇಳಲಿಲ್ಲ, ಅವಳೇ ಮನೆ ಹತ್ತಿರದ ಸ್ತ್ರೀರೋಗ ತಜ್ಞರ ಹತ್ತಿರ ಅಪಾಯಿಂಟ್‌ಮೆಂಟ್ ತಗೊಂಡಳು. ಐವತ್ತರ ಮೇಲಿನ ಗಟ್ಟಿ ದನಿಯ ಹೆಂಗಸು. ಮೊದಲ ದಿನವೇ ಎರಡು ಚೀಟಿ ಬರೆದರು. ಇವಳ ಚೀಟಿಯಲ್ಲಿ ಆರೇಳು ಪರೀಕ್ಷೆ. ನನ್ನದರಲ್ಲಿ ಒಂದೇ, ಸೀಮೆನ್ ಅನಾಲಿಸಿಸ್. "ಇದನ್ನ ಮೊದ್ಲು ಮಾಡಿಸ್ಬಿಡಿ, ಸುಲಭದ್ದು" ಅಂದರು.

ಇವಳು ತನ್ನದನ್ನು ಶುರು ಮಾಡಿದಳು. ಥೈರಾಯ್ಡು, ಪ್ರೊಲ್ಯಾಕ್ಟಿನ್, ಎಎಂಎಚ್. ಒಂದು ತಿಂಗಳು ದಿನ ಬಿಟ್ಟು ದಿನ ಸ್ಕ್ಯಾನು, ಅಂಡಾಶಯದಲ್ಲಿ ಅಂಡ ಬೆಳೆಯುತ್ತಾ, ಒಡೆಯುತ್ತಾ ನೋಡಲು. ಬೆಳಗ್ಗೆ ಏಳಕ್ಕೆ ಹೊಟ್ಟೆ ತುಂಬ ಹೆದರಿಕೆ ಇಟ್ಟುಕೊಂಡು ಹೋಗಿ, ಒಂಬತ್ತೂವರೆಗೆ ಏನೂ ಆಗದವಳ ಹಾಗೆ ಮೀಟಿಂಗಿಗೆ ಸೇರುತ್ತಿದ್ದಳು. ನನ್ನ ಚೀಟಿ ಲ್ಯಾಪ್‌ಟಾಪ್ ಬ್ಯಾಗಿನ ಸೈಡ್ ಜಿಪ್ಪಿನಲ್ಲಿತ್ತು. ರಿಲೀಸ್ ಇದೆ, ಜ್ವರ ಬಂದಿತ್ತು, ಜ್ವರ ಬಂದ ಮೇಲೆ ಎರಡು ಮೂರು ತಿಂಗಳು ಕೌಂಟ್ ಸರಿ ಬರಲ್ಲವಂತೆ, ಲ್ಯಾಬು ಭಾನುವಾರ ಇದನ್ನ ಮಾಡಲ್ಲ.. ನನ್ನ ಹತ್ತಿರ ಕಾರಣಗಳಿಗೇನೂ ಬರ ಇರಲಿಲ್ಲ. ಜ್ವರದ ಮಾತು ನಿಜವೇ, ಬಂದಿದ್ದು ಮಾತ್ರ ನೆಗಡಿ.

ಫೆಬ್ರವರಿ 2025ರಲ್ಲಿ ಎಚ್‌ಎಸ್‌ಜಿ. ಗರ್ಭಕೋಶದ ಬಾಯಿಂದ ಒಂದು ದ್ರವ ಬಿಟ್ಟು, ಅದು ಎರಡೂ ಟ್ಯೂಬಿನಿಂದ ಹೊರಗೆ ಹರಿಯುತ್ತಾ ಅಂತ ಎಕ್ಸ್‌ರೇಯಲ್ಲಿ ನೋಡುವುದು. ಮುಟ್ಟು ನಿಂತ ಮೇಲೆ, ಅಂಡ ಬಿಡುಗಡೆಗೆ ಮೊದಲು ಮಾಡುತ್ತಾರೆ. ಕೆಲವರಿಗೆ ಅಷ್ಟೇನೂ ನೋಯುವುದಿಲ್ಲ, ಇವಳಿಗೆ ಜೋರಾಗಿ ನೋಯಿತು. ಅವಳು ಒಳಗಿದ್ದಾಗ ನಾನು ಕಾರಿಡಾರಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಬೆಳಗಿನ ಸ್ಟ್ಯಾಂಡಪ್ ಕಾಲಿನಲ್ಲಿದ್ದೆ. ನನ್ನ ಸರದಿ ಬಂತು. ದಿನಾ ಹೇಳುವ ಹಾಗೆ "ನೋ ಬ್ಲಾಕರ್ಸ್ ಫ್ರಮ್ ಮೈ ಸೈಡ್" ಅಂದೆ. ಹೇಳಿ ಮ್ಯೂಟ್ ಮಾಡಿದ ಮೇಲೆ ಆ ಮಾತು ಕಿವಿಯಲ್ಲೇ ನಿಂತುಬಿಟ್ಟಿತು. ಬಾಗಿಲು ತೆಗೆದು ಅವಳು ಬಂದಳು, ಗೋಡೆ ಹಿಡಿದುಕೊಂಡು, ತುಟಿಯೆಲ್ಲ ಬಿಳಿಚಿ.

ಡಾಕ್ಟರು ಫಿಲ್ಮ್ ಎತ್ತಿ ಹಿಡಿದು ನೋಡಿದರು. ಎರಡೂ ಟ್ಯೂಬು ಚೆನ್ನಾಗಿವೆ. ಇವಳ ಫೈಲಿನಲ್ಲಿ ಎಲ್ಲವೂ ಚೆನ್ನಾಗಿದೆ. ಆಮೇಲೆ ಕನ್ನಡಕ ತೆಗೆದು, "ಯಜಮಾನ್ರ ರಿಪೋರ್ಟ್ ಎಲ್ಲಿ? ಮೂರು ತಿಂಗಳಾಯ್ತು ಬರ್ದು ಕೊಟ್ಟು" ಅಂತ ಕೇಳಿದರು. ಕೇಳಿದ್ದು ನನ್ನನ್ನೇ.

ಆ ರಾತ್ರಿ ಮೊಸರನ್ನ ಕಲಸಿ, ಹಾಟ್ ವಾಟರ್ ಬ್ಯಾಗ್ ತುಂಬಿಸಿಕೊಟ್ಟು, ಹೇಳಿದೆ. ಹಾಸ್ಟೆಲ್ಲಿನಿಂದ ಹಿಡಿದು ಕುಕ್ಕೆಯವರೆಗೂ.

"ಎಷ್ಟು ದಿನದಿಂದ ಗೊತ್ತು?" ಅಂದಳು.

"ಗೊತ್ತು ಅಂತಲ್ಲ, ಅನುಮಾನ.."

"ಎಷ್ಟು ದಿನ?"

"ಹದಿಮೂರು ವರ್ಷ."

ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ನಿಧಾನಕ್ಕೆ, "ಸೂಜಿ, ಸ್ಕ್ಯಾನು, ಇವತ್ತಿಂದು ಎಲ್ಲ ನನ್ನ ಮೈಗೆ ಆಯ್ತು. ನಿಂದು ಒಂದು ಡಬ್ಬಿ ಕಣೋ. ಒಂದೇ ಒಂದು ಡಬ್ಬಿ" ಅಂದಳು. ನಾಲ್ಕು ದಿನ ಮಾತಿರಲಿಲ್ಲ. ಮಕ್ಕಳಾಗದಿದ್ದರೆ ಏನು ಅನ್ನುವ ಬಗ್ಗೆ ಅವಳಿಗೆ ಅಷ್ಟು ಸಿಟ್ಟಿರಲಿಲ್ಲ. ಎಂಟನೇ ತಿಂಗಳು ನಾನು ಪೇಪರ್ ಮೇಲೆ ಲೆಕ್ಕ ಮಾಡಿ ತೋರಿಸಿದ್ದೆನಲ್ಲ, ಅದೊಂದನ್ನು ಅವಳು ಇವತ್ತಿಗೂ ಪೂರ್ತಿ ಕ್ಷಮಿಸಿದ್ದಾಳೆ ಅಂತ ನನಗನ್ನಿಸೋಲ್ಲ.

ಐದನೇ ದಿನ ಅವಳೇ ಲ್ಯಾಬಿಗೆ ಫೋನ್ ಮಾಡಿ ವಿಚಾರಿಸಿದಳು. ಎರಡರಿಂದ ಏಳು ದಿನ ಸಂಯಮ ಬೇಕು. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ ತಲುಪಬೇಕು, ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು. ಡಬ್ಬಿ ತಣ್ಣಗಾಗಬಾರದು, ಮೈಗೆ ತಾಗಿಸಿ ಇಟ್ಟುಕೊಂಡು ಬರಬೇಕು. ಎಣ್ಣೆ, ಸೋಪು ಏನೂ ತಾಗಬಾರದು, ಸ್ವಲ್ಪ ಚೆಲ್ಲಿದರೂ ಹೇಳಬೇಕು. ಒಂದು ಗಂಟೆಯೊಳಗೆ.. ಬೆಂಗಳೂರಿನಲ್ಲಿ! ನಮ್ಮ ಮನೆ ಉತ್ತರಹಳ್ಳಿ, ಲ್ಯಾಬು ಜಯನಗರ. ನಾನು ಶರ್ಟಿನೊಳಗೆ ಡಬ್ಬಿ ಇಟ್ಟುಕೊಂಡು ಎರಡೂ ಕೈಯಲ್ಲಿ ಎದೆ ಹಿಡಿದುಕೊಂಡು ಹಿಂದೆ ಕೂತೆ, ಅವಳು ಸ್ಕೂಟರ್ ಓಡಿಸಿದಳು. ಬನಶಂಕರಿ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡೆವು. ಒಂದು ಬಿಎಂಟಿಸಿ ಬಸ್ಸು ಅಡ್ಡ ನಿಂತಿತ್ತು. ಪಕ್ಕದ ಆಟೋದವರು ನನ್ನ ಅವಸ್ಥೆ ನೋಡಿ, "ಏನ್ ಸಾರ್ ಎದೆನೋವಾ? ಪಕ್ಕಕ್ಕೆ ತಗೊಳ್ಳಿ ಮೇಡಂ, ದಾರಿ ಮಾಡಿಸ್ತೀನಿ" ಅಂತ ನಿಜವಾಗಿಯೂ ಕೂಗಾಡಿ ದಾರಿ ಮಾಡಿಸಿಕೊಟ್ಟರು. ಇವಳ ಭುಜ ಅಲುಗುತ್ತಿತ್ತು. ಅಳ್ತಿದ್ದಾಳೇನೋ ಅಂದ್ಕೊಂಡೆ, ಬಗ್ಗಿ ನೋಡಿದರೆ ನಗು. ಆ ಪುಣ್ಯಾತ್ಮ ಎಲ್ಲಿದ್ದರೂ ಚೆನ್ನಾಗಿರಲಿ. 34ನೇ ನಿಮಿಷಕ್ಕೆ ತಲುಪಿದೆವು. ಕೌಂಟರಿನ ಹುಡುಗಿ ತಲೆ ಎತ್ತದೆ "ಎಷ್ಟು ದಿನ ಗ್ಯಾಪ್ ಸರ್?" ಅಂತ ಇಡೀ ಹಾಲಿಗೆ ಕೇಳುವ ಹಾಗೆ ಕೇಳಿದಳು. "ಮೂರು" ಅಂದೆ. ಯಾರೂ ತಿರುಗಿ ನೋಡಲಿಲ್ಲ. ಇದಕ್ಕಾಗಿ ನಾನು ಹದಿಮೂರು ವರ್ಷ ಹೆದರಿದ್ದೆ.

ಸಂಜೆ ರಿಪೋರ್ಟ್ ಮೊಬೈಲಿಗೇ ಬಂತು. ಒಂದು ಮಿಲಿಲೀಟರಿಗೆ 90 ಲಕ್ಷ ವೀರ್ಯಾಣು. ಕೇಳಿದರೆ ದೊಡ್ಡ ಸಂಖ್ಯೆ, ನಮ್ಮ ಏರಿಯಾದಲ್ಲಿ ಎರಡು ಬೆಡ್‌ರೂಮಿನ ಫ್ಲಾಟಿನ ರೇಟು. ಆದರೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಕೈಪಿಡಿಯ ಪ್ರಕಾರ ಕೆಳಗಿನ ಮಿತಿ 1 ಕೋಟಿ 60 ಲಕ್ಷ. ಅಲುಗಾಡುವವು ಶೇ. 42 ಇರಬೇಕಾದಲ್ಲಿ ನನ್ನವು 34. ಇವಳು ಮೊಬೈಲ್ ಇಸ್ಕೊಂಡು ಎರಡು ಸಲ ಓದಿದಳು. "ಸೊನ್ನೆ ಅಲ್ವಲ್ಲ" ಅಂದಳು.

ಇಲ್ಲೊಂದು ಮಾತು. 'ಬಂಜೆ' ಅನ್ನುವುದಕ್ಕೆ ನಮ್ಮ ಆಡುಮಾತಿನಲ್ಲಿ ಪುಲ್ಲಿಂಗ ಏನು? ಷಂಡ, ನಪುಂಸಕ ಅಂತೆಲ್ಲ ಬೈಗುಳ ಇವೆ, ಆದರೆ ಅವುಗಳ ಅರ್ಥ ಬೇರೆ. ಎಲ್ಲವೂ ಸರಿಯಿದ್ದು ಕೌಂಟ್ ಮಾತ್ರ ಕಡಿಮೆಯಿರುವ ಗಂಡಸಿಗೆ ಕನ್ನಡದಲ್ಲಿ ಒಂದು ಹೆಸರೂ ಇಲ್ಲ. ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಆರೋಗ್ಯ ವಿಮೆಯಲ್ಲಿ ಸಾಮಾನ್ಯವಾಗಿ ಹೊರಗಿಡುವ ಪಟ್ಟಿಯಲ್ಲಿ ಇದರ ಚಿಕಿತ್ಸೆಯೂ ಇರುತ್ತೆ. ನಮ್ಮ ಪಾಲಿಸಿಯಲ್ಲೂ ಹಾಗೇ, ದುಡ್ಡೆಲ್ಲ ಕೈಯಿಂದಲೇ.

ಯುಗಾದಿಗೆ ಊರಿಗೆ ಹೋಗಿದ್ದೆವು. ಊಟಕ್ಕೆ ಎಲೆ ಹಾಕಿದ್ದಾರೆ, ಒಬ್ಬಟ್ಟು ಬಡಿಸುತ್ತಾ ಸೋದರತ್ತೆ ಇವಳ ಹತ್ರ ಬಗ್ಗಿ, "ಏನಾದ್ರೂ ವಿಶೇಷ ಉಂಟನಾ?" ಅಂದರು. ಇವಳು ಎಂದಿನ ಹಾಗೆ ನಕ್ಕು ತಲೆ ತಗ್ಗಿಸಿದಳು. ನನಗೇನಾಯ್ತೋ, "ಅವಳನ್ನ ಕೇಳ್ಬೇಡಿ ಅತ್ತೆ, ಡಾಕ್ಟ್ರ ಔಷಧಿ ನಂಗೆ ನಡೀತಾ ಇದೆ" ಅಂದೆ. ಆಗಿನ್ನೂ ಔಷಧಿ ಶುರುವೇ ಆಗಿರಲಿಲ್ಲ, ಬಾಯಿಗೆ ಬಂದಿದ್ದು ಹಾಗೆ. ಪಂಕ್ತಿಯಲ್ಲಿ ಒಂದು ಕ್ಷಣ ಯಾರೂ ಏನೂ ಅನ್ನಲಿಲ್ಲ. ಅತ್ತೆ ನನ್ನ ಎಲೆಗೆ ಎರಡು ಒಬ್ಬಟ್ಟು ಹಾಕಿ ಮುಂದೆ ಹೋದರು.

ಮಧ್ಯಾಹ್ನ ಅಮ್ಮ ಹಿತ್ತಲಿಗೆ ಕರೆದಳು.

"ಅದನ್ನ ಎಲ್ಲರ ಎದುರು ಹೇಳ್ಬೇಕಿತ್ತಾ ಮಾರಾಯ?"

ನಾನು ಸುಮ್ಮನಿದ್ದೆ.

"ಆ ಮಂಗನಬಾವಿಂದಾ?" ಅಂದಳು.

ನನಗೆ ಒಂದು ಸಲಕ್ಕೆ ಮಾತೇ ಹೊರಡಲಿಲ್ಲ. "ನಿಂಗೆ ಗೊತ್ತಿತ್ತಾ?"

"ಅಪ್ಪ ಹೇಳಿದ್ರು ಆವತ್ತೇ. ಡಾಕ್ಟ್ರು ಹೇಳಿದ್ರಂತೆ, ಮುಂದೆ ಒಂದ್ಸಲ ತೋರಿಸ್ಬೇಕಾಗ್ಬೋದು ಅಂತ. ಆವತ್ತೇ ಸುಬ್ರಹ್ಮಣ್ಯಕ್ಕೆ ಹೇಳಿಕೊಂಡಿದ್ದೆ."

"ಮತ್ತೆ ಫೋನ್ ಮಾಡಿದಾಗೆಲ್ಲ ಇವಳನ್ನ ಯಾಕೆ ಕೇಳ್ತಿದ್ದೆ?"

"ನಿನ್ನನ್ನ ಹೆಂಗೆ ಕೇಳ್ಲಿ?" ಅಂದಳು ಅಮ್ಮ. ಹಂಡೆಗೆ ನೀರು ತುಂಬಿಸುತ್ತಾ ನಿಂತಳು. ಬರುವಾಗ ಇವಳ ಕೈಗೆ ಉಪ್ಪಿನಕಾಯಿ ಭರಣಿ ಕೊಟ್ಟು ಏನೋ ಹೇಳಿದಳು. ಏನು ಅಂತ ಇವಳು ನನಗಿನ್ನೂ ಹೇಳಿಲ್ಲ.

ನಮ್ಮ ಡಾಕ್ಟರು ಇಲ್ಲಿಂದ ಮುಂದೆ ಫರ್ಟಿಲಿಟಿ ತಜ್ಞರನ್ನು ನೋಡಿ, ಜೊತೆಗೆ ಆಂಡ್ರಾಲಜಿ ಗೊತ್ತಿರುವ ಯೂರಾಲಜಿಸ್ಟನ್ನೂ ನೋಡಿ ಅಂದರು. 2021ರ ಕಾಯಿದೆಯ ಪ್ರಕಾರ ಐವಿಎಫ್‌ನಂಥ ಚಿಕಿತ್ಸೆ ಕೊಡುವ ಕ್ಲಿನಿಕ್‌ಗಳು ನೋಂದಣಿ ಮಾಡಿಸಿರಲೇಬೇಕು. ಅದನ್ನು ನೋಡಿಕೊಂಡು, ರಸ್ತೆಯ ದೊಡ್ಡ ದೊಡ್ಡ ಬೋರ್ಡುಗಳನ್ನೆಲ್ಲ ಬಿಟ್ಟು, ಒಂದು ಕಡೆ ಹೋದೆವು. ಅವರು ಮೊದಲ ರಿಪೋರ್ಟನ್ನು ಪಕ್ಕಕ್ಕಿಟ್ಟು, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಿ ಅಂದರು. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಷ್ಟು ಬೇಕು, ಹಾಗಾಗಿ ಇವತ್ತಿನ ರಿಪೋರ್ಟ್ ಅಂದರೆ ಮೂರು ತಿಂಗಳ ಹಿಂದಿನ ನಾನು. ಸಿಗರೇಟು ಇದೆಯಾ, ಜಿಮ್ಮಿನಲ್ಲಿ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಏನಾದ್ರೂ ತಗೊಂಡಿದ್ರಾ ಅಂತ ಕೇಳಿದರು. ಗಂಡಸುತನಕ್ಕೆ ಅಂತ ತಗೊಳ್ಳುವ ಆ ಇಂಜೆಕ್ಷನ್ನೇ ಒಳಗಿನ ತಯಾರಿಕೆಯನ್ನು ನಿಲ್ಲಿಸಿಬಿಡುತ್ತಂತೆ. ನಮ್ಮ ಟೀಮಿನ ಇಬ್ಬರಿಗೆ ಹೇಳಬೇಕು. ಲ್ಯಾಪ್‌ಟಾಪ್ ತೊಡೆ ಮೇಲೆ ಇಡಬೇಡಿ ಅಂತಲೂ ಅಂದರು. 2005ರಲ್ಲೇ ನ್ಯೂಯಾರ್ಕಿನ ಸ್ಟೋನಿ ಬ್ರೂಕಿನವರು ಅಳೆದು ನೋಡಿದ್ದರಂತೆ, ಒಂದು ಗಂಟೆ ಹಾಗೆ ಕೂತರೆ ಅಲ್ಲಿನ ಶಾಖ ಎರಡು ಡಿಗ್ರಿಗೂ ಹೆಚ್ಚು ಏರುತ್ತೆ ಅಂತ. ಈ ಬರಹವನ್ನು ಡೈನಿಂಗ್ ಟೇಬಲ್ಲಿನ ಮೇಲಿಟ್ಟು ಟೈಪ್ ಮಾಡ್ತಿದ್ದೀನಿ.

ಜೂನ್‌ನಲ್ಲಿ ಎರಡನೇ ರಿಪೋರ್ಟ್ ಬಂತು. 1 ಕೋಟಿ 10 ಲಕ್ಷ, ಅಲುಗಾಡುವವು ಶೇ. 38. ಸ್ವಲ್ಪ ಮೇಲೆ ಬಂದಿದೆ, ಮಿತಿ ಮುಟ್ಟಿಲ್ಲ. ಆ ಮಿತಿ ಏನೆಂದು ತಜ್ಞರು ಬಿಡಿಸಿ ಹೇಳಿದರು: ವರ್ಷದೊಳಗೆ ತಂದೆಯಾದ ಗಂಡಸರನ್ನೇ ಸಾಲಾಗಿ ನಿಲ್ಲಿಸಿದರೆ, ಅದರಲ್ಲಿ ಅತಿ ಕಡಿಮೆ ಇರುವ ನೂರಕ್ಕೆ ಐದು ಜನರನ್ನು ಬಿಟ್ಟು ಎಳೆದ ಗೆರೆ ಅದು. ಅಂದರೆ ಆ ಗೆರೆಗಿಂತ ಕೆಳಗಿದ್ದವರೂ ಅಪ್ಪಂದಿರೇ. ತಾನಾಗಿ ಆಗುವ ಅವಕಾಶ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಮೊದಲು ಐಯುಐ ಒಂದೆರಡು ಸಲ ನೋಡೋಣ, ಆಮೇಲೆ ಬೇಕಾದರೆ ಮುಂದಿನದು. "ನಿಮ್ಮ ಹೆಂಡತಿಗೆ ಇನ್ನೂ 28, ಅದೇ ನಿಮಗಿರೋ ದೊಡ್ಡ ಅನುಕೂಲ. ಸ್ವಲ್ಪ ಮೊದ್ಲೇ ಬಂದಿದ್ರೆ ಇವರ ಅರ್ಧ ಟೆಸ್ಟು ಬೇಕಾಗ್ತಿರ್ಲಿಲ್ಲ" ಅಂದರು. ಇವಳು ನನ್ನ ಕಡೆ ನೋಡಲಿಲ್ಲ, ಕಿಟಕಿ ಕಡೆ ನೋಡಿದಳು. ನನಗದು ಇನ್ನೂ ಕಷ್ಟವಾಯ್ತು.

ಆ ಎಕ್ಸೆಲ್ ಶೀಟನ್ನು ಇವಳು ಡಿಲೀಟ್ ಮಾಡಿದ್ದಾಳೆ, ರೀಸೈಕಲ್ ಬಿನ್ನಿನಿಂದಲೂ. ಬರುವ ಬುಧವಾರ ಬೆಳಗ್ಗೆ ಎಂಟಕ್ಕೆ ಕ್ಲಿನಿಕ್ಕಿಗೆ ಹೋಗಬೇಕು, ಮತ್ತೆ ಡಬ್ಬಿ, ಮತ್ತೆ ಬನಶಂಕರಿ ಸಿಗ್ನಲ್ಲು. ಈ ಸಲ ಸ್ಕೂಟರ್ ನಾನು ಓಡಿಸ್ತೀನಿ, ಡಬ್ಬಿ ನೀನು ಹಿಡ್ಕೋ ಅಂದಿದ್ದೀನಿ. ಇನ್ನೂ ಒಪ್ಪಿಲ್ಲ.